ಕಮಾನಿನ ಕೆಳಗಿನ ಪಾಯಸ

ಸುಳ್ಳು ಹೇಳೋದ್ರಲ್ಲಿ ನನ್ನನ್ನ ಮೀರಿಸೋ ಕನ್ನಡಿಗ ಈ ಬೇ ಏರಿಯಾದಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ಅವನಿನ್ನೂ ಯಾವುದೋ ಡೇಕೇರಲ್ಲಿ ಬೆರಳು ಚೀಪ್ತಾ ಕೂತಿರಬೇಕು.

ಸಾಕ್ಷಿ ಬೇಕಾ? ನನ್ನ ಮಗಳ ಮಾವ, ಅಂದ್ರೆ ನಮ್ಮ ಬೀಗರು, ಹೋದ ಬೇಸಿಗೇಲಿ ಮೈಸೂರಿಂದ ಬಂದಿದ್ರು. ಓಕ್ಲ್ಯಾಂಡ್ ದಾಟಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಹೋಗೋ ದೊಡ್ಡ ಸೇತುವೆ ಹತ್ರ ಬಂದ್ವಿ. ನಾನು ಮೆಲ್ಲಗೆ ಅವರ ಕಿವೀಲಿ ಅಂದೆ, "ಬೀಗ್ರೇ, ಟೋಲ್ ಮೇಲೆ ಕ್ಯಾಮೆರಾ ಇದೆ. ದೇಶಕ್ಕೆ ಹೊಸದಾಗಿ ಬಂದೋರು ಅದಕ್ಕೆ ಕೈ ಮುಗೀಬೇಕು. ಇಲ್ದಿದ್ರೆ ಡಬಲ್ ಚಾರ್ಜು." ಬ್ಯಾಂಕ್ ಮ್ಯಾನೇಜರಾಗಿ ರಿಟೈರ್ ಆದ ಮನುಷ್ಯ! ಟೋಲಲ್ಲಿ ಮುಗಿದ ಕೈ ಆ ಕಡೆ ದಡ ಸೇರೋವರೆಗೂ ಇಳಿಸ್ಲಿಲ್ಲ. ಮಾರನೇ ದಿನ ಕಾಫಿ ಕುಡೀತಾ ಕೇಳಿದ್ರು, "ನಂದು ಫೋಟೋ ಸರಿಯಾಗಿ ಬಿದ್ದಿರುತ್ತೆ ಅಲ್ವಾ?" "ನೀವು ಕಣ್ಣು ಮುಚ್ಕೊಂಡಿದ್ರಿ, ಅದೊಂದು ಡೌಟು" ಅಂದೆ. ಒಂದು ವಾರ ಅಂಚೆ ಬಂದಾಗೆಲ್ಲ ಮೊದಲು ಅವರೇ ಬಾಗಿಲಿಗೆ ಓಡೋರು.

ಇವೆಲ್ಲ ಚಿಲ್ಲರೆ. ನನ್ನ ಜೀವಮಾನದ ದೊಡ್ಡ ಸುಳ್ಳು ನಾನು ಇನ್ನೂ ಚಡ್ಡಿ ಹಾಕೋ ವಯಸ್ಸಲ್ಲಿ ಹೇಳಿದ್ದು. ಅದಕ್ಕೀಗ ಎಪ್ಪತ್ತರ ಹತ್ರ ವಯಸ್ಸು. ಇನ್ನೂ ಗಟ್ಟಿಮುಟ್ಟಾಗಿ ಓಡಾಡ್ಕೊಂಡಿದೆ, ನನ್ನ ಮಂಡಿಗಿಂತ ಎಷ್ಟೋ ವಾಸಿ. ಹೋದ ಅಕ್ಟೋಬರಲ್ಲಿ ಒಂದು ಇಡೀ ರೈಲ್ವೆ ಸೇತುವೆಯ ಪ್ರಾಣ ಆ ಸುಳ್ಳಿನ ಮೇಲೆ ಬಂದು ಕೂತ್ಕೊಂಡಿತು.

ಸೇತುವೆ ಅಂದ್ರೆ ನಮ್ಮೂರಿಂದು. ವಿಕ್ಟೋರಿಯಾ ರಾಣಿ ಕಾಲದ್ದು. ಎರಡು ಗುಡ್ಡದ ನಡುವೆ ಒಂದು ಹಳ್ಳ, ಹಳ್ಳದ ಮೇಲೆ ಸಾಲಾಗಿ ಹನ್ನೊಂದು ಕಲ್ಲಿನ ಕಮಾನು, ಅದರ ಮೇಲೆ ಮೀಟರ್ ಗೇಜ್ ಹಳಿ. ಕೆಳಗೆ ನಿಂತು ತಲೆ ಎತ್ತಿದ್ರೆ ಟೋಪಿ ಬೀಳಬೇಕು, ಅಷ್ಟೆತ್ತರ. ನಮ್ಮಪ್ಪ ಆ ಸೆಕ್ಷನ್ನಿನ ಕೀಮ್ಯಾನು. ದಿನಾ ಬೆಳಗ್ಗೆ ಹೆಗಲ ಮೇಲೆ ಸುತ್ತಿಗೆ ಇಟ್ಕೊಂಡು ಹಳಿ ಉದ್ದಕ್ಕೂ ನಡೆದು, ಸಡಿಲ ಆಗಿರೋ ಕೀಲಿಗಳನ್ನ ಹೊಡೆದು ಬಿಗಿ ಮಾಡೋ ಕೆಲಸ. ನಾವಿದ್ದಿದ್ದು ಸ್ಟೇಷನ್ ಪಕ್ಕದ ಕ್ವಾರ್ಟರ್ಸಲ್ಲಿ. ಅಡುಗೆಮನೆ ಕಿಟಕಿ ತೆಗೆದ್ರೆ ಕಮಾನು, ಮುಚ್ಚಿದ್ರೆ ಹೊಗೆ.

ಅದನ್ನ ಕಟ್ಟಿದ್ದು ಹೇಗೆ ಅನ್ನೋದನ್ನ ಅಪ್ಪ ಅವರಜ್ಜನಿಂದ ಕೇಳಿದ್ರು. ನಾನು ಅಪ್ಪನಿಂದ ಕೇಳ್ದೆ. ಆಮೇಲೆ ನಾನೂ ರೈಲ್ವೆ ಸೇರಿ, ಸೇತುವೆ ಇನ್ಸ್‌ಪೆಕ್ಟರಾಗಿ, ಎಷ್ಟೋ ಜಿಲ್ಲೆಯ ಕಮಾನುಗಳ ಹೊಟ್ಟೆ ತಟ್ಟಿ ನೋಡಿ ರಿಟೈರ್ ಆದೋನು. ಹಾಗಾಗಿ ಇಲ್ಲಿಂದ ಮುಂದಕ್ಕೆ ಹೇಳೋದು ಸುಳ್ಳಲ್ಲ. ನಂಬಿ. ನಂಬದಿದ್ರೂ ನಷ್ಟ ನಿಮಗೇ.

ಮೊದಲು ಕಂಬಗಳು. ಬಂಡೆ ಸಿಗೋವರೆಗೂ ಮಣ್ಣು ತೆಗೆದ್ರಂತೆ. ಊರ ಹಿಂದಿನ ಗುಡ್ಡದಲ್ಲಿ ಕಲ್ಲು ಒಡೆದು, ಎತ್ತಿನ ಗಾಡೀಲಿ ಇಳಿಸಿ, ಅಲ್ಲೇ ಉಳಿ ಹಿಡಿದು ಒಂದೊಂದಕ್ಕೂ ಮೂಗು ಕಣ್ಣು ಕೆತ್ತಿದ ಹಾಗೆ ಮೂಲೆ ತೀಡಿದ್ರು. ಸಿಮೆಂಟು ಎಲ್ಲಿಂದ ಬರಬೇಕು ಆಗ? ಗೂಡಲ್ಲಿ ಸುಣ್ಣದ ಕಲ್ಲು ಸುಟ್ಟು, ಮರಳು ಬೆರೆಸಿ, ಎತ್ತು ಕಟ್ಟಿದ ಗಾಣದಲ್ಲಿ ಅರೆದು ಗಾರೆ ಮಾಡೋರು. ಅದಕ್ಕೆ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು. ಬೆಲ್ಲದ ಆಸೆಗೆ ಬಂದ ಇರುವೆಗಳೂ ಗಾರೆ ಒಳಗೇ ಸೇರಿಹೋದ್ವು ಅಂತ ಅಪ್ಪ ಹೇಳೋರು. "ಆ ಸೇತುವೇಲಿ ಸತ್ತ ಇರುವೆಗೆ ಲೆಕ್ಕ ಇಲ್ಲ ಕಣೋ" ಅಂತ. ಆ ವರ್ಷಗಳಲ್ಲಿ ಮಳೆ ಕೈಕೊಟ್ಟು, ಸುತ್ತಲ ಹಳ್ಳಿಯೋರೆಲ್ಲ ಗಾರೆ ಹೊರೋಕೆ ಬಂದ್ರು. ಹೆಂಗಸರು ಸಾಲಾಗಿ ನಿಂತು ಕೆಳಗಿಂದ ಮೇಲಕ್ಕೆ ಮಂಕರಿ ದಾಟಿಸೋರು. ಸಂಜೆ ಮಡಿಲಿಗೆ ರಾಗಿ ಹಾಕಿಸ್ಕೊಂಡು ಹೋಗೋರು. ಇಂಗ್ಲಿಷ್ ಇಂಜಿನಿಯರ್ ದೊರೆ ಕೊಡೆ ಹಿಡ್ಕೊಂಡು ನಿಂತಿರೋನು. ಸೇತುವೆ ಮೇಲಿದ್ದ ಕಲ್ಲಲ್ಲಿ ಅವನ ಹೆಸರಿತ್ತು. ಮಂಕರಿಗಳ ಹೆಸರನ್ನ ಯಾರು ಕೆತ್ತಬೇಕು?

ಆಮೇಲೆ ಕಮಾನು. ಕಮಾನು ಅಂದ್ರೆ ಏನು ಗೊತ್ತಾ? ಮದುವೆಮನೇಲಿ ಮೊದಲನೇ ಪಂಕ್ತಿ ಎದ್ದ ತಕ್ಷಣ ಎರಡನೇ ಪಂಕ್ತಿಯೋರು ಒಟ್ಟಿಗೇ ಬಾಗಿಲಿಗೆ ನುಗ್ತಾರಲ್ಲ, ಆಗ ಒಬ್ಬರೂ ಒಳಗೆ ಹೋಗಲ್ಲ, ಒಬ್ಬರೂ ಹಿಂದಕ್ಕೆ ಬರಲ್ಲ, ಎಲ್ಲ ಬಾಗಿಲಲ್ಲೇ ಸಿಕ್ಕಿ ನಿಂತುಬಿಡ್ತಾರಲ್ಲ, ಅದೇ ಕಮಾನು. ಎಲ್ಲ ಕಲ್ಲಿಗೂ ಬೀಳೋ ಆಸೆ. ಪಕ್ಕದವನು ದಾರಿ ಬಿಡಲ್ಲ. ಆದ್ರೆ ಕೊನೇ ಕಲ್ಲು ಕೂರೋವರೆಗೂ ಇವರನ್ನೆಲ್ಲ ಯಾರಾದ್ರೂ ಎತ್ತಿ ಹಿಡ್ಕೋಬೇಕು. ಅದಕ್ಕೆ ಅಡಿಯಲ್ಲಿ ಮರದ ಗೂಡು ಕಟ್ಟೋರು, ಸೆಂಟ್ರಿಂಗು. ಅದರ ಕಾಲಡಿ ಜೋಡಿ ಬೆಣೆ. ಎರಡು ಕಡೆಯಿಂದಲೂ ಸಮಸಮ ಕಲ್ಲು ಏರಿಸ್ತಾ ಬಂದು ನೆತ್ತಿ ಮೇಲೆ ಕೊನೇ ಕಲ್ಲು ಕೂರಿಸಿ, ಗಾರೆ ಬಲಿಯೋವರೆಗೂ ಬಿಟ್ಟು, ಆಮೇಲೆ ಬೆಣೆಗಳನ್ನ ಎಲ್ಲ ಕಡೆ ಒಟ್ಟಿಗೆ ಚೂರು ಚೂರೇ ಸಡಿಲಿಸೋದು. ಗೂಡು ಕೆಳಗಿಳಿಯುತ್ತೆ. ಕಮಾನು ತನ್ನ ಕಾಲ ಮೇಲೆ ತಾನು ನಿಲ್ಲುತ್ತೆ. ಅಥವಾ ನಿಲ್ಲಲ್ಲ.

ಮೊದಲನೇ ಕಮಾನಿನ ಬೆಣೆ ತೆಗೆದ ದಿನ ಅದು ಹೆಬ್ಬೆರಳಿನಷ್ಟು ಕೂತು, ಮುದುಕ ಜಗಲಿ ಮೇಲೆ ಕೂರೋವಾಗ ನರಳ್ತಾನಲ್ಲ, ಹಾಗೆ ನರಳಿ, ಮೇಲಿಂದ ಧೂಳು ಸುರಿಸ್ತಂತೆ. ಎಲ್ಲರೂ ಎದ್ದು ಬಿದ್ದು ಓಟ. ಕಟ್ಟಿದ ಮೇಸ್ತ್ರೀನೂ ಓಡಿದ್ದ, ಪೇಟ ಹಳ್ಳದಲ್ಲಿ ಬಿದ್ದಿತ್ತು. ದೂರ ನಿಂತು ತಿರುಗಿ ನೋಡಿದ್ರೆ ಕಮಾನು ನಿಂತಿತ್ತು. ಅಪ್ಪ ಈ ಕಥೇನ ಪ್ರತಿ ಸಲವೂ ನಕ್ಕೊಂಡು ಹೇಳೋರು.

ಈಗ ನನ್ನ ಸುಳ್ಳಿಗೆ ಬನ್ನಿ.

ಒಂದು ವರ್ಷ ಹೊಸ ಸ್ಟೇಷನ್ ಮಾಸ್ಟ್ರು ಬಂದ್ರು, ಕರಾವಳಿ ಕಡೆಯೋರು. ಪಾಪದ ಮನುಷ್ಯ, ಆದ್ರೆ ಬಲು ಸ್ಟ್ರಿಕ್ಟು. ಹಳಿ ಪಕ್ಕದ ಹುಣಸೇ ಮರ ಹತ್ತಕೂಡದು, ಟ್ರಾಲಿ ಮುಟ್ಟಕೂಡದು. ಅವರ ಮನೆಯವರು ತೆಂಗಿನಹಾಲು ಹಾಕಿ ಹೆಸರುಬೇಳೆ ಪಾಯಸ ಮಾಡಿದ್ರೆ ಆ ಘಮ ಸಿಗ್ನಲ್ ಕಂಬ ದಾಟಿ ಬರೋದು. ನಮ್ಮನೇಲಿ ಪಾಯಸ ಅಂದ್ರೆ ಯುಗಾದಿಗೊಂದು ಸಲ. ನನ್ನ ಹೊಟ್ಟೆಗೆ ತಡ್ಕೊಳ್ಳೋಕಾಗ್ಲಿಲ್ಲ, ತಲೆ ಓಡೋಕೆ ಶುರುವಾಯ್ತು.

ವಿಜಯದಶಮಿ ಕಳೆದಿತ್ತು. ಹೋಗಿ ಕೈಕಟ್ಟಿ ನಿಂತೆ. "ಸಾರ್, ಭಾನುವಾರ ಕಮಾನೂಟ ಅಲ್ವಾ, ನಿಮ್ಮನೇಲಿ ಪಾತ್ರೆ ಸಾಲುತ್ತಾ ಅಂತ ಕೇಳ್ಕೊಂಡು ಬರೋಕೆ ಹೇಳಿದ್ರು."

"ಎಂತ ಊಟ?"

"ಕಮಾನೂಟ ಸಾರ್. ಈ ಸೇತುವೆ ಕಟ್ಟಿದ ಮೇಸ್ತ್ರಿ, ಬೆಣೆ ತೆಗೆಯೋ ದಿನ ಎಲ್ಲ ಹೆದರಿ ಓಡಿದಾಗ, ಹೆಂಡ್ತಿ ತಂದ ಬುತ್ತಿ ಬಿಚ್ಚಿ ಕಮಾನಿನ ಕೆಳಗೇ ಊಟಕ್ಕೆ ಕೂತ. 'ನನ್ನ ಊಟ ಮುಗಿಯೋದ್ರೊಳಗೆ ತೆಗೀರಿ' ಅಂದ. ಅವನ ನೆನಪಿಗೆ ದಸರಾ ಆದ ಮೊದಲ ಭಾನುವಾರ ಸ್ಟೇಷನ್ ಮಾಸ್ಟ್ರು ಎಲ್ಲರಿಗೂ ಕಮಾನಿನ ಕೆಳಗೆ ಪಾಯಸದೂಟ ಹಾಕಬೇಕು. ಒಂದು ವರ್ಷ ಹಾಕ್ಲಿಲ್ಲ ಸಾರ್, ಗೂಡ್ಸ್ ಗಾಡಿ ಹಳಿ ತಪ್ತು."

ಅವರ ಮುಖ ಮಜ್ಜಿಗೆ ಆಯ್ತು. "ಹೌದಾ ಮಾರಾಯ! ಹಿಂದಿನವರು ಚಾರ್ಜ್ ಕೊಡುವಾಗ ಹೇಳಲೇ ಇಲ್ಲ ನೋಡು!"

ಹಳಿ ಬದಲಾಯಿಸೋ ಪಾಯಿಂಟ್ಸ್‌ಮ್ಯಾನನ್ನ ಕರೆದು ಕೇಳಿದ್ರು. ಅವನು ನನ್ನ ಮುಖ ನೋಡ್ದ. ನಾನು ತುಟಿ ಸವರ್ಕೊಂಡೆ. ಅವನಿಗೂ ಆ ಘಮ ಬರ್ತಿತ್ತಲ್ಲ! "ಹೌದು ಸೋಮಿ, ನಮ್ಮ ತಾತನ ಕಾಲದಿಂದ್ಲೂ ಐತೆ" ಅಂದ.

ಆ ಭಾನುವಾರ ಬೆಳಗ್ಗೆ ಪ್ಯಾಸೆಂಜರ್ ಗಾಡಿ ದಾಟಿದ ಮೇಲೆ, ಮೂರನೇ ಕಮಾನಿನ ಕೆಳಗೆ, ಇಡೀ ಕ್ವಾರ್ಟರ್ಸು ಮುತ್ತುಗದೆಲೆ ಹಾಕ್ಕೊಂಡು ಕೂತಿತು. ಕೋಸಂಬರಿ, ಚಿತ್ರಾನ್ನ, ಕೊಳಗದ ತುಂಬ ಪಾಯಸ. ಮಾಸ್ಟ್ರೇ ಪಂಚೆ ಎತ್ತಿ ಕಟ್ಟಿ ಬಡಿಸಿದ್ರು. ಅಪ್ಪ ನನ್ನ ಎದುರಿಗೇ ಕೂತಿದ್ರು. ಮೂರು ಸಲ ಹಾಕಿಸ್ಕೊಂಡ್ರು.

ಎಲ್ಲ ಎದ್ದ ಮೇಲೆ ನನ್ನ ಕಿವಿ ಹಿಡಿದು ಕಂಬದ ಹತ್ರ ಕರ್ಕೊಂಡು ಹೋದ್ರು. ಸುತ್ತಿಗೆ ನನ್ನ ಕೈಗೆ ಕೊಟ್ಟು, "ತಟ್ಟು" ಅಂದ್ರು. ತಟ್ಟಿದೆ. ಟಣ್ ಅಂತು. "ಹಿಂಗಂದ್ರೆ ಕಲ್ಲು ಕೂತಿದೆ ಅಂತ. ದಬ್ ಅಂದ್ರೆ ಒಳಗೆ ಟೊಳ್ಳು. ನೀನು ಊಟದ ಬಗ್ಗೆ ಏನ್ ಬೇಕಾದ್ರೂ ಕಥೆ ಕಟ್ಟು, ನಾನೂ ಬಂದು ಉಣ್ತೀನಿ. ಗಾಡಿ ಹಳಿ ತಪ್ತು ಅಂದ್ಯಂತಲ್ಲ, ಅದು ಬೇಡ. ಸೇತುವೆ ಬಗ್ಗೆ ಸುಳ್ಳು ಹೇಳ್ಬಾರ್ದು. ಅದರ ಮೇಲೆ ಜನ ಹೋಗ್ತಾರೆ." ಆಮೇಲೆ ಟವೆಲಲ್ಲಿ ಮುಖ ಮುಚ್ಕೊಂಡು ಭುಜ ಕುಣಿಸ್ತಾ ನಕ್ಕಿದ್ದೂ ನಕ್ಕಿದ್ದೇ.

ನಾನಂದ್ಕೊಂಡೆ, ಒಂದು ಪಾಯಸ, ಮುಗೀತು. ಎಲ್ಲಿ ಮುಗಿಯುತ್ತೆ! ಮುಂದಿನ ವರ್ಷ ಮಾಸ್ಟ್ರು ನಾನು ಕೇಳೋ ಮೊದಲೇ ಬೇಳೆ ಹುರಿದಿದ್ರು. ಅವರಿಗೆ ಟ್ರಾನ್ಸ್‌ಫರ್ ಆದಾಗ ಹೊಸಬರಿಗೆ ಚಾರ್ಜ್ ಕೊಟ್ರು. ಬೀಗದಕೈ, ಹಸಿರು ಬಾವುಟ, ಕೆಂಪು ಬಾವುಟ, ಕೈದೀಪ, ಕಮಾನೂಟ! ರೈಲ್ವೇಲಿ ಚಾರ್ಜಲ್ಲಿ ಬಂದಿದ್ದನ್ನ ಯಾರು ಪ್ರಶ್ನೆ ಮಾಡ್ತಾರೆ? ಬಂದವರೆಲ್ಲ ಹಾಕಿದ್ರು. ಬರ್ತಾ ಬರ್ತಾ ಊರೋರೂ ಸೇರ್ಕೊಂಡ್ರು. ಬ್ರಾಡ್‌ಗೇಜ್ ಆಗಿ ಲೈನು ಪಕ್ಕಕ್ಕೆ ಹೋಯ್ತು, ಸ್ಟೇಷನ್ ಮುಚ್ಚಿತು, ಕ್ವಾರ್ಟರ್ಸಲ್ಲಿ ಮೇಕೆ ಕಟ್ಟಿದ್ರು. ಊಟ ನಿಲ್ಲಲಿಲ್ಲ. ಈಗ ಮೇಸ್ತ್ರಿ ಮೇಲೆ ಒಂದು ನಾಟಕ ಬೇರೆ ಆಡ್ತಾರೆ. ಮೇಸ್ತ್ರಿ ಹೆಂಡ್ತಿಗೆ ಎರಡು ಹಾಡಿದೆ. ಎಂಥಾ ಬೀಜ ಬಿತ್ತಿದೀನಿ ನೋಡಿ!

ಇಲ್ಲಿ ಫ್ರೀಮಾಂಟಿನ ಮಗಳ ಮನೇಲಿ ಕೂತ್ಕೊಂಡು ಪ್ರತಿ ವರ್ಷ ಫೋನಲ್ಲಿ ಅದರ ವಿಡಿಯೋ ನೋಡೋದು ನನ್ನ ಗುಟ್ಟಿನ ಹಬ್ಬ. ಗುಟ್ಟು ಅಂದ್ರೆ ಹೆಂಡ್ತಿಗೂ ಮೊಮ್ಮಗಳಿಗೂ ಗೊತ್ತಿರೋ ಗುಟ್ಟು.

ಹೋದ ಸೆಪ್ಟೆಂಬರಲ್ಲಿ ಊರಿಂದ ಮೇಷ್ಟ್ರು ಫೋನ್ ಮಾಡ್ದ. ಆ ಪಾಯಿಂಟ್ಸ್‌ಮ್ಯಾನಿನ ಮೊಮ್ಮಗ, ಊರ ಸ್ಕೂಲಲ್ಲೇ ಪಾಠ ಹೇಳ್ತಾನೆ. ದನಿ ಸಪ್ಪಗಿತ್ತು.

"ದೊಡ್ಡಪ್ಪ, ಸೇತುವೆ ಕೆಡವ್ತಾರಂತೆ. ಹಳೇದು, ಕೆಳಗೆ ದನ ಕಾಯೋರ ಮೇಲೆ ಬಿದ್ರೆ ಕಷ್ಟ ಅಂತಾರೆ. ಕಲ್ಲು ರಸ್ತೆಗೆ ಬರ್ತದಂತೆ."

ಫೋನನ್ನ ಇನ್ನೊಂದು ಕಿವಿಗೆ ಬದಲಾಯಿಸಿ, "ಇನ್ನೊಂದ್ಸಲ ಹೇಳು" ಅಂದೆ.

"ತೀರ್ಮಾನ ಮಾಡೋ ರೈಲ್ವೆ ಇಂಜಿನಿಯರ್ ಮೇಡಮ್ಮು ಕಮಾನೂಟದ ದಿನಾನೇ ನೋಡೋಕೆ ಬರ್ತಾರೆ. ನಾವೆಲ್ಲ ಒಂದೇ ಮಾತು ಹಿಡ್ದಿದೀವಿ. ಸೇತುವೆ ಕಟ್ಟಿದ ದಿನದಿಂದ ನಡ್ಕಂಡು ಬಂದ ಪದ್ಧತಿ, ಮುರೀಬೇಡಿ ಅಂತ. ಹಳಬರು ಯಾರಾದ್ರೂ ಹೇಳಿದ್ರೆ ನಂಬ್ತೀನಿ ಅಂದವ್ರೆ. ಕ್ವಾರ್ಟರ್ಸ್ ಕಾಲದೋರು ಅಂತ ಉಳಿದಿರೋದು ನೀನೊಬ್ಬನೇ. ವಿಡಿಯೋ ಕಾಲಲ್ಲಿ ಬಂದು ಒಂದು ಮಾತು ಹೇಳ್ಬುಡು."

"ಏನಂತ ಹೇಳ್ಲಿ ಕಣ್ಲಾ?"

"ಅದೇ, ತಾತ ಮುತ್ತಾತರ ಕಾಲದ್ದು ಅಂತ. ನಿಂಗೊತ್ತಿರೋ ಸತ್ಯ ಹೇಳಪ್ಪ."

ನಂಗೊತ್ತಿರೋ ಸತ್ಯ! ಅವನಿಗೇನು ಗೊತ್ತು, ಪಾಪ.

ಹೆಂಡ್ತಿ ಒಗ್ಗರಣೆ ಹಾಕ್ತಾನೇ ಎಲ್ಲ ಕೇಳಿಸ್ಕೊಂಡಿದ್ಲು. "ರೀ, ಏನ್ ಹೇಳ್ತೀರಾ?"

"ಇದೇನು ಪ್ರಶ್ನೆ? ಹೇಳ್ತೀನಿ. ರಾಣಿ ಕಾಲದ್ದು ಅಂತೀನಿ. ಬೇಕಾದ್ರೆ ರಾಣೀನೇ ಬಂದು ಕೋಸಂಬರಿ ತಿಂದು ಹೋದ್ಲು ಅಂತೀನಿ."

"ನಿಮಗೆ ಸುಳ್ಳು ಹೇಳೋಕೆ ಬರಲ್ಲ."

ನೋಡಿ, ನಲವತ್ತೆಂಟು ವರ್ಷ ಸಂಸಾರ ಮಾಡಿ ಹೇಳೋ ಮಾತಾ ಇದು! "ನನಗಾ? ನಮ್ಮ ಬೀಗರನ್ನ ಕೇಳು."

"ತಮಾಷೆಗೆ ಹೇಳ್ತೀರಿ. ಬೇಕೇಬೇಕು ಅಂದಾಗ ಬಾಯಿ ಒಣಗುತ್ತೆ ನಿಮಗೆ. ನನ್ನ ಆಪರೇಷನ್ ದಿನ 'ಏನಾಗಲ್ಲ ಕಣೇ' ಅಂದ್ರಲ್ಲ, ನನಗಾಗಲೇ ಗೊತ್ತಾಗಿತ್ತು ನೀವೆಷ್ಟು ಹೆದರಿದೀರಿ ಅಂತ."

ಮೊಮ್ಮಗಳು ಸೋಫಾ ಮೇಲಿಂದ ತಲೆ ಎತ್ತಿದ್ಲು. ಹೈಸ್ಕೂಲು ಓದ್ತಾಳೆ, ಕನ್ನಡ ಪೂರ್ತಿ ಅರ್ಥ ಆಗುತ್ತೆ, ಉತ್ತರ ಮಾತ್ರ ಇಂಗ್ಲಿಷು. "ತಾತ, ಬಟ್ ಇಟ್ಸ್ ಫಾರ್ ಎ ಗುಡ್ ಕಾಸ್."

"ನೋಡು, ವಂಶ ಉಳೀತು" ಅಂದೆ ಹೆಂಡ್ತಿಗೆ.

ಆದ್ರೂ ಆ ವಾರ ಯಾಕೋ ಊಟ ಸೇರ್ಲಿಲ್ಲ. ಬೆಳಗ್ಗೆ ವಾಕಿಂಗ್ ಹೋದಾಗ ಸೈಡ್‌ವಾಕಿನ ಗೋಡೆಗಳನ್ನೆಲ್ಲ ಬೆರಳ ಗೆಣ್ಣಲ್ಲಿ ತಟ್ಟಿಕೊಂಡು ಬರ್ತಿದ್ದೆ. ನೆರೆಮನೆಯೋರು ಮಗಳಿಗೆ ಹೇಳಿದ್ರಂತೆ, ನಿಮ್ಮಪ್ಪ ಆರಾಮಾಗಿದಾರಾ ಅಂತ. ಅವಳು ಓಕ್ಲ್ಯಾಂಡಲ್ಲಿ ಡಾಕ್ಟ್ರು. ಮನೆಗೆ ಬಂದೋಳೇ ನನ್ನ ಬಿಪಿ ನೋಡಿದ್ಲು. ಬಿಪಿ ಇತ್ತು, ಎಲ್ಲಿ ಹೋಗುತ್ತೆ.

ಊರಲ್ಲಿ ಭಾನುವಾರ ಬೆಳಗ್ಗೆ ಅಂದ್ರೆ ನಮಗೆ ಶನಿವಾರ ದೀಪ ಹಚ್ಚೋ ಹೊತ್ತು. ಹೆಂಡ್ತಿ ಇಸ್ತ್ರಿ ಶರ್ಟು ಹಾಕ್ಸಿ ಡೈನಿಂಗ್ ಟೇಬಲ್ ಮುಂದೆ ಕೂರಿಸಿದ್ಲು. ಮೊಮ್ಮಗಳು ಫೋನನ್ನ ಹಣ್ಣಿನ ಬುಟ್ಟಿಗೆ ಒರಗಿಸಿದ್ಲು. ಪರದೆ ಮೇಲೆ ಮೊದಲು ಮೇಷ್ಟ್ರ ಮೂಗು, ಆಮೇಲೆ ಊರು ಊರೇ. ಎಲೆ ಮುಂದೆ ಜನ. ಪೇಟ ಸುತ್ತಿ ಗಾರೆ ಬಳ್ಕೊಂಡ ನಾಟಕದ ಮೇಸ್ತ್ರಿ. ನಡುವೆ ಒಬ್ಬ ಹೆಣ್ಣುಮಗಳು, ಚೂಡಿದಾರ, ತಲೆ ಮೇಲೆ ಹಳದಿ ಹೆಲ್ಮೆಟ್ಟು, ಮುಂದೆ ಎಲೆ.

"ನಮಸ್ಕಾರ ತಾತ. ಊಟ ಮಾಡ್ತಾ ಮಾತಾಡ್ತೀನಿ, ತಪ್ಪು ತಿಳ್ಕೋಬೇಡಿ. ಬಿಡ್ತಾನೇ ಇಲ್ಲ ಇವರು."

"ಊಟ ಮಾಡಿಯಮ್ಮ, ನಿಧಾನವಾಗಿ."

"ಈ ಊಟ ಯಾವಾಗಿಂದ ನಡೀತಿದೆ ಹೇಳಿ. ಊರೋರು ಸೇತುವೆಯಷ್ಟೇ ಹಳೇದು ಅಂತಾರೆ."

ನಾನು ಗಂಟಲು ಸರಿ ಮಾಡ್ಕೊಂಡೆ. ಮಾತೆಲ್ಲ ಸಾಲಾಗಿ ರೆಡಿ ಇತ್ತು, ರಾಣಿ, ಮೇಸ್ತ್ರಿ, ಬುತ್ತಿ. ಅಷ್ಟರಲ್ಲಿ ಮೇಷ್ಟ್ರು ನನಗೆ ಚೆನ್ನಾಗಿ ಕಾಣ್ಲಿ ಅಂತ ಫೋನನ್ನ ಮೇಲಕ್ಕೆತ್ತಿದ. ಮೂರನೇ ಕಮಾನಿನ ಹೊಟ್ಟೆ. ಸುಣ್ಣ ಸೋರಿ ಬಿಳೀ ನಾಮ ಎಳೆದ ಹಾಗಿರೋ ಅದೇ ಗೆರೆ. ಪಕ್ಕದಲ್ಲಿ ಕಂಬ, ಅಪ್ಪ ಕಿವಿ ಹಿಡ್ಕೊಂಡು ನಿಲ್ಲಿಸಿದ ಜಾಗ. ಎಪ್ಪತ್ತು ವರ್ಷದ ಹಿಂದಿನ ಕಿವಿ ಬಿಸಿ ಆಯ್ತು ನೋಡಿ ನನಗೆ, ಫ್ರೀಮಾಂಟಲ್ಲಿ.

"ಅಮ್ಮ" ಅಂದೆ, "ಈ ಊಟ ಶುರು ಮಾಡಿದ್ದು ನಾನು."

ಅಲ್ಲಿ ಬಡಿಸ್ತಿದ್ದೋರು ಸೌಟು ಹಿಡ್ಕೊಂಡು ನಿಂತ್ರು.

"ಸಣ್ಣೋನಿದ್ದಾಗ, ಪಾಯಸದ ಆಸೆಗೆ, ಸ್ಟೇಷನ್ ಮಾಸ್ಟ್ರಿಗೆ ಹೇಳಿದ ಸುಳ್ಳು. ಮೇಸ್ತ್ರಿ ಊಟಕ್ಕೆ ಕೂರ್ಲಿಲ್ಲ. ಎಲ್ಲರ ಜೊತೆ ಅವನೂ ಓಡಿದ. ಪೇಟಾನೂ ಬಿಟ್ಟು ಓಡಿದ."

ಇಡೀ ಊರು ಗೊಳ್ಳಂತ ನಕ್ತು. ಹೆಂಗಸರು ಸೆರಗು ಬಾಯಿಗೆ ಒತ್ಕೊಂಡ್ರು. ನಾಟಕದ ಮೇಸ್ತ್ರಿ ಒಬ್ಬನೇ ಮುಖ ಊದಿಸ್ಕೊಂಡು ನಿಂತ.

"ಮೇಡಂ, ನಾ ಹೇಳಿರ್ಲಿಲ್ವಾ" ಅಂತ ಮೇಷ್ಟ್ರು ಬೆವರು ಒರೆಸ್ಕೊಂಡ, "ನಮ್ ದೊಡ್ಡಪ್ಪ ತಮಾಷೆಗೆ ಹೆಸರಾದೋರು. ದೊಡ್ಡಪ್ಪ, ಸಾಕು ಬುಡು, ನಿಜ ಹೇಳು!"

"ನಿಜಾನೇ ಹೇಳಿದ್ದು ಕಣ್ಲಾ!"

"ಹಹ್ಹ, ನೋಡಿ ಮೇಡಂ, ಹಿಂಗೇ!"

ಎಂಥಾ ಅನ್ಯಾಯ! ಜೀವಮಾನವೆಲ್ಲ ಸುಳ್ಳು ಹೇಳಿ ನಂಬಿಸಿದ ಗಂಡಸು, ಒಂದೇ ಒಂದು ಸಲ ನಿಜ ಹೇಳಿದ್ರೆ ಒಬ್ಬನೂ ನಂಬಲಿಲ್ಲ. ಈ ಕಡೆ ಹೆಂಡ್ತಿ ನನ್ನ ಕೈ ಮೇಲೆ ಕೈ ಇಟ್ಲು. ಅವಳೇನೂ ನಗ್ಲಿಲ್ಲ.

ನಗದೇ ಇದ್ದೋರು ಇನ್ನೊಬ್ಬರು, ಆ ಮೇಡಂ. ಕೈಯಲ್ಲಿದ್ದ ತುತ್ತು ಎಲೆಗೆ ಇಳಿಸಿ ನನ್ನನ್ನೇ ನೋಡಿದ್ರು. "ತಾತ, ಇವರ್ಯಾರೂ ನಂಬಲಿಲ್ಲ. ನಾನು ನಂಬಿದೆ. ಊಟ ಹೊಸದು. ಮತ್ತೆ ಸೇತುವೆ?"

"ಸೇತುವೆ ಹಳೇದು."

"ಗಟ್ಟಿ ಇದೆಯಾ? ಇದಕ್ಕೂ ನಿಜ ಹೇಳಿ."

"ನಾನು ಹೇಳೋದು ಯಾಕೆ? ಕೇಳಿ ನೋಡಿ. ಮೇಷ್ಟ್ರೆ, ಒಂದು ಸುತ್ತಿಗೆ ತಗೊಂಡ್ಬಾರ್ಲಾ."

ನಾಟಕದ ಮೇಸ್ತ್ರಿ ಕೈಯಲ್ಲಿ ಇತ್ತು, ನಿಜವಾದ ಸುತ್ತಿಗೇನೇ. ಅವನು ಕೊಡೋಕೆ ಸ್ವಲ್ಪ ಸತಾಯಿಸ್ದ. ಮೇಡಂ ಎಡಗೈಲಿ ಅದನ್ನ ತಗೊಂಡು, ಎಂಜಲು ಕೈ ಹಾಗೇ ಎತ್ತಿ ಹಿಡ್ಕೊಂಡು, ಕಂಬದ ಹತ್ರ ಹೋಗಿ ತಟ್ಟಿದ್ರು. ಫೋನಿನ ಆ ಸಣ್ಣ ತೂತಿಂದ ನಮ್ಮ ಡೈನಿಂಗ್ ಟೇಬಲ್ ಮೇಲಕ್ಕೆ ಬಂತು ಸದ್ದು. ಟಣ್.

ಅಪ್ಪ ಹೋಗಿ ಎಷ್ಟು ಕಾಲ ಆಯ್ತು. ಆ ಸದ್ದು ಮಾತ್ರ ಹಂಗೇ ಇತ್ತು, ಬೆಳಗಿನ ಜಾವ ಕಿಟಕಿಯಿಂದ ಬರ್ತಿತ್ತಲ್ಲ, ಹಂಗೇ. ನಾನು ಕಣ್ಣಿಗೇನೋ ಬಿದ್ದಿರೋ ಹಾಗೆ ಮಾಡ್ದೆ. ಮೊಮ್ಮಗಳು ಟಿಶ್ಯೂ ಕೊಟ್ಲು. ಅವಳ ಮುಂದೆ ನಟನೆ ನಡೆಯಲ್ಲ.

"ಇನ್ನೊಂದು ಕಡೆ ತಟ್ಟಿಯಮ್ಮ. ಮೇಲ್ಗಡೆ. ಹಂ. ಮುಂದಿನ ಕಂಬ." ಟಣ್. ಟಣ್. ಒಂದು ಕಡೆ ದಬ್ ಅಂತು. "ಅಲ್ಲಿ ಟೊಳ್ಳಿದೆ" ಅಂದೆ, "ಸುತ್ತ ನೋಡಿ, ಅರಳಿ ಗಿಡ ಹುಟ್ಟಿರಬೇಕು." ಹುಟ್ಟಿತ್ತು. "ಬೇರು ಸಮೇತ ಕೀಳ್ಸಿ, ಬಿರುಕಿಗೆ ಗಾರೆ ತುಂಬ್ಸಿ, ಸಿಮೆಂಟ್ ಬೇಡ. ಹಾಗೆ ಬಿಟ್ರೆ ಹತ್ತು ವರ್ಷದಲ್ಲಿ ಆ ಗಿಡಾನೇ ಕೆಡವುತ್ತೆ, ಆಗ ನಾನೇ ಹೇಳ್ತೀನಿ, ಕೆಳಗೆ ಯಾರೂ ಕೂರ್ಬೇಡಿ ಅಂತ. ಮಿಕ್ಕಿದ್ದು ನನಗಿಂತ ಗಟ್ಟಿಯಾಗಿದೆ. ನನಗೂ ನಾಲ್ಕು ಕಡೆ ದಬ್ ಅನ್ನುತ್ತೆ, ನನ್ನನ್ನ ಯಾರಾದ್ರೂ ರಸ್ತೆಗೆ ಹಾಕ್ತಾರಾ?"

ಮೇಡಂ ಈಗ ನಕ್ಕರು. "ಕೂಲಂಕಷ ಪರೀಕ್ಷೆ ಮಾಡಿಸಿ ಆಮೇಲೆ ಹೇಳ್ತೀನಿ ತಾತ. ಮಾತು ಕೊಡಲ್ಲ."

"ಬೇಡ. ಒಂದು ಕೇಳ್ಲಾ? ಪಾಯಸ ತಿಂದ್ರಾ?"

"ತಿಂದೆ. ಎರಡು ಸಲ."

"ಹಾಗಾದ್ರೆ ನನ್ನ ಕೆಲಸ ಆಯ್ತು" ಅಂದೆ. "ಉಂಡ ಮನೆ ಗಳ ಎಣಿಸಬಾರದು ಅಂತಾರೆ ನಮ್ಮ ಕಡೆ. ಎಣಿಸೋದೇ ಪಾಪ ಅಂದ್ಮೇಲೆ, ಕೀಳೋದು?"

ಊರಲ್ಲಿ ಚಪ್ಪಾಳೆ ಬಿತ್ತು. ಅವರು ಎರಡೂ ಕೈ ಎತ್ತಿ, ಒಂದರಲ್ಲಿ ಸುತ್ತಿಗೆ, ಒಂದರಲ್ಲಿ ಎಂಜಲು, ಸೋತೆ ಅನ್ನೋ ಹಾಗೆ ಮಾಡಿದ್ರು. ಹಳೇ ಸ್ಟೇಷನ್ ಮಾಸ್ಟ್ರೂ ಸಿಕ್ಕಿಬಿದ್ದಿದ್ದು ಇದೇ ಪಾಯಸದಲ್ಲಿ.

ಮೇಷ್ಟ್ರು ನನ್ನ ಜೊತೆ ಎರಡು ವಾರ ಮಾತು ಬಿಟ್ಟ. ನಾಟಕ ಕೆಡಿಸ್ದೆ ಅಂತ ಅವನಿಗೆ ಸಿಟ್ಟು. ದೀಪಾವಳಿ ಕಳೆದ ಮೇಲೆ ಒಂದು ದಿನ ಅವನ ವಾಯ್ಸ್ ಮೆಸೇಜು ಬಂತು. ಪರೀಕ್ಷೆ ಮಾಡೋರು ಬಂದು ಹೋದ್ರು, ಸೇತುವೆ ಇರುತ್ತೆ, ರಸ್ತೆಗೆ ಕಲ್ಲು ಬೇರೆ ಕಡೆಯಿಂದ ತರ್ತಾರೆ, ಅರಳಿ ಗಿಡ ಕಿತ್ತಾಯ್ತು. ಕೊನೇಲಿ ತಡವರಿಸ್ತಾ, "ದೊಡ್ಡಪ್ಪ, ಮೇಸ್ತ್ರಿ ಓಡಿಹೋದ ಅಂದ್ಯಲ್ಲ, ಅದು ದಿಟವಾ? ಹಂಗಾದ್ರೆ ನಾಟಕ ಬದಲಾಯಿಸ್ಬೇಕಾಯ್ತದೆ" ಅಂದಿದ್ದ. ನಾನು ಉತ್ತರ ಕಳಿಸಿದೆ, "ಹಾಡು ಮಾತ್ರ ತೆಗೀಬೇಡ."

"ಸೇತುವೆ ಉಳಿದ್ರೆ ಪಾಯಸ ಅಂತ ಹರಕೆ ಹೊತ್ತಿದ್ದೆ, ತೀರಿಸಬೇಕಲ್ವಾ?" ಅಂದ್ಲು ಹೆಂಡ್ತಿ. ಆ ಭಾನುವಾರ ಎದ್ದೋಳೇ ಹೆಸರುಬೇಳೆ ಹುರಿಯೋಕೆ ಶುರು ಮಾಡಿದ್ಲು. ತೆಂಗಿನಹಾಲು ಇಂಡಿಯನ್ ಗ್ರೋಸರಿಯ ಡಬ್ಬದ್ದು. ಇರ್ಲಿ.

ನಮ್ಮನೆ ಹತ್ರ ಹಳ್ಳದ ಪಕ್ಕ ಓಡಾಡೋಕೆ ಒಂದು ಟ್ರೇಲ್ ಇದೆ, ಅದರ ಮೇಲೆ ರೈಲು ಸೇತುವೆ ಹಾದು ಹೋಗುತ್ತೆ. ಕಮಾನಿಲ್ಲ, ಗಿಮಾನಿಲ್ಲ, ಕಬ್ಬಿಣದ ಮಂಚ ಅಷ್ಟೇ. ಅದರ ಕೆಳಗೆ ಚಾಪೆ ಹಾಸಿ ಕೂತ್ವಿ. ಮಗಳು ಸಂಕೋಚ ಪಟ್ಕೊಂಡು ಕೋಸಂಬರಿ ಬಡಿಸಿದ್ಲು. ಎಲೆ ಇಲ್ಲ, ಪೇಪರ್ ತಟ್ಟೆ. ನಾನು ಗೆಣ್ಣಲ್ಲಿ ಕಂಬ ತಟ್ಟಿ ನೋಡ್ದೆ. ಏನೂ ಹೇಳ್ಲಿಲ್ಲ ಅದು, ಕಾಂಕ್ರೀಟು.

ನಾಯಿ ಹಿಡ್ಕೊಂಡ ಒಬ್ಬ ಬಿಳಿಕೂದಲಿನ ಹೆಂಗಸು ನಿಂತು ನೋಡಿದ್ಲು. ಏನಿದು, ಬರ್ತ್‌ಡೇನಾ ಅಂತ ಕೇಳಿದ್ಲು. ನಾನು ಬಾಯಿ ತೆಗೆಯೋದ್ರೊಳಗೆ ಮೊಮ್ಮಗಳು ಚಮಚ ಕೆಳಗಿಟ್ಟು, ಮುಖ ಗಂಭೀರ ಮಾಡ್ಕೊಂಡು ಇಂಗ್ಲಿಷಲ್ಲಿ ಶುರು ಮಾಡಿದ್ಲು. ನಮ್ಮೂರಲ್ಲಿ ಸೇತುವೆ ಕಟ್ಟಿದೋನು ಹೆದರಿ ಪೇಟ ಬಿಟ್ಟು ಓಡಿಹೋದನಂತೆ. ಸೇತುವೆಗೆ ಅವಮಾನ ಆಯ್ತಂತೆ. ಅದಕ್ಕೇ ನಮ್ಮ ಜನ ಜಗತ್ತಲ್ಲಿ ಎಲ್ಲೇ ಇರ್ಲಿ, ವರ್ಷಕ್ಕೊಂದು ಸಲ ಹತ್ರದ ಸೇತುವೆ ಕೆಳಗೆ ಕೂತು ಸಿಹಿ ತಿಂದು, ನಿನ್ನ ಮೇಲೆ ನಮಗೆ ನಂಬಿಕೆ ಇದೆ ಅಂತ ತೋರಿಸಬೇಕಂತೆ. "ಇಟ್ಸ್ ರಿಯಲಿ, ರಿಯಲಿ ಓಲ್ಡ್."

ನಾನು ಹೆಂಡ್ತಿ ಮುಖ ನೋಡ್ದೆ. ಅವಳು ನನ್ನ ಮುಖ ನೋಡಿದ್ಲು. ಅರ್ಧ ನಿಜ, ಅರ್ಧ ಕಲಬೆರಕೆ, ಗಾರೆ ಹದವಾಗಿ ಬಿದ್ದಿತ್ತು. ನನ್ನ ಕೈಯಲ್ಲೂ ಇಷ್ಟು ನುಣುಪಾಗಿ ಬಂದಿರ್ಲಿಲ್ಲ.

ಆ ಹೆಂಗಸು ಎದೆ ಮೇಲೆ ಕೈ ಇಟ್ಕೊಂಡು, ಎಷ್ಟು ಚೆಂದ, ಅಂದ್ಲು. ಹೆಂಡ್ತಿ ಒಂದು ಕಪ್ಪಲ್ಲಿ ಪಾಯಸ ಹಾಕಿ ಕೊಟ್ಲು. ಮೇಲೆ ಗೂಡ್ಸ್ ಗಾಡಿ ಬಂತು. ಮಂಚ ಅದುರಿತು, ನಾಯಿ ಬೊಗಳಿತು, ಅವಳು ಕಪ್ಪನ್ನ ಎರಡೂ ಕೈಲಿ ಹಿಡ್ಕೊಂಡು ಅಲ್ಲಾಡದೆ ನಿಂತು, ಕೊನೇ ಡಬ್ಬಿ ದಾಟೋವರೆಗೂ ಕುಡಿದ್ಲು. ಇನ್ನೊಂಚೂರು ಇದೆಯಾ ಅಂತ ಕಪ್ಪು ಮುಂದಕ್ಕೆ ಚಾಚಿದ್ಲು.

ಹಾಕಿಸ್ಕೊಂಡ್ಲು. ಉಂಡಳು, ಗಳ ಎಣಿಸೋ ಹಾಗಿಲ್ಲ. ಈ ಕಬ್ಬಿಣದ ಮಂಚಕ್ಕೂ ಇನ್ನು ಭಯ ಇಲ್ಲ.